ದಂಡನಾಯಕನ ಎರಡು ಕುಂಬಳಕಾಯಿಗಳು

ಘೋಷಕರ ಹೊಟ್ಟೆಯಲ್ಲಿ ಒಂದು ಮಾತು ನಿಂತ ಉದಾಹರಣೆ ಇಲ್ಲ. ಇದು ಅವರ ಹೆಂಡತಿ ಕೊಟ್ಟ ತೀರ್ಪು; ಮೇಲ್ಮನವಿಗೆ ಅವಕಾಶವಿಲ್ಲದ್ದು. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಬರುವ ಹೋಗುವ ಗಾಡಿಗಳನ್ನು ಕೂಗಿ ಕೂಗಿಯೇ ನಿವೃತ್ತರಾದ ಮನುಷ್ಯ. ನಿವೃತ್ತಿಯಾದ ಮೇಲೆ ರೈಲು ತಪ್ಪಿತು, ಕೂಗು ತಪ್ಪಲಿಲ್ಲ. "ಗಮನಿಸಿ. ಒಲೆಯ ಮೇಲಿನ ಹಾಲು ಇನ್ನು ಕೆಲವೇ ಕ್ಷಣಗಳಲ್ಲಿ ಉಕ್ಕಲಿದೆ," ಎಂದು ಹಜಾರದ ಕುರ್ಚಿಯಿಂದ ತಿಳಿಸುತ್ತಿದ್ದರು. ಎದ್ದು ಹೋಗಿ ಒಲೆ ಆರಿಸುತ್ತಿರಲಿಲ್ಲ. ಅದು ಬೇರೆ ವಿಭಾಗದ ಕೆಲಸ. ಎದುರುಮನೆಯವರು ಮನೆ ಮಾರುತ್ತಾರೆಂಬ ಗುಟ್ಟು ಇಡೀ ಬೀದಿಗೆ ಗೊತ್ತಾದದ್ದು ಇವರಿಂದ. ಎದುರುಮನೆಯ ಯಜಮಾನನಿಗೂ ಅದು ಇವರಿಂದಲೇ ಗೊತ್ತಾಯಿತು. ಮಾರುವ ಯೋಚನೆ ಅವನ ಹೆಂಡತಿಯದಾಗಿತ್ತು.

ಆ ಹೆಂಡತಿ ಇರಲಿ, ನಮ್ಮ ಕಥೆಯ ಹೆಂಡತಿಗೆ ಬರೋಣ. ಕಾಲೇಜಿನಲ್ಲಿ ರೇಖಾಗಣಿತ ಕಲಿಸಿದವರು. ಊರೆಲ್ಲ ಅವರನ್ನು ಮೇಡಂ ಎನ್ನುತ್ತಿತ್ತು, ಗಂಡನೂ ಸೇರಿ. ಅವರು ತಪ್ಪು ಮಾಡಿದ್ದನ್ನು ಕಂಡವರಿರಲಿಲ್ಲ. ಕಂಡೇ ಸಾಯಬೇಕು ಎಂದು ಕಾದು ಕೂತವನು ಮಾತ್ರ ಒಬ್ಬನಿದ್ದ: ಅವರ ತಮ್ಮ, ಕಟ್ಟಡದ ಕಂಟ್ರಾಕ್ಟರ್. ಹುಟ್ಟಿದಾಗಿನಿಂದ ಅಕ್ಕನ ಕೈಯಲ್ಲಿ ತಿದ್ದಿಸಿಕೊಂಡೇ ದೊಡ್ಡವನಾದವನು. ಈಗಲೂ ಅವನು ಒಂದು ಗೋಡೆ ಎಬ್ಬಿಸಿದರೆ ಅಕ್ಕ ಬಂದು ಮೂಲೆಮಟ್ಟ ಇಟ್ಟು ನೋಡಿ, "ಹೂಂ" ಎಂದು ಮೂಗಿನಲ್ಲೇ ಹೇಳಿ ಹೋಗುತ್ತಿದ್ದರು.

ಇಂಥ ಸಂಸಾರದೊಳಕ್ಕೆ ಹರಾಜಿನ ಮೂಲಕ ಒಂದು ಟ್ರಕ್ಕು ಪ್ರವೇಶಿಸಿತು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಳೆಯ ಗಾಡಿ. ಬಣ್ಣ ಹೋಗಿತ್ತು, ಬಾಗಿಲು ಜೋತುಬಿದ್ದಿತ್ತು, ಸೀಟಿನೊಳಗೆ ಇಲಿಯ ಮೂರು ತಲೆಮಾರು ಬಾಳಿ ಹೋಗಿತ್ತು. ಘೋಷಕರು ಅದಕ್ಕೆ ದಂಡನಾಯಕ ಎಂದು ಹೆಸರಿಟ್ಟರು.

"ಗಮನಿಸಿ. ಇದನ್ನ ಪೂರ್ತಿ ಬಿಚ್ಚಿ, ಎತ್ತರಿಸಿ, ದೊಡ್ಡ ಚಕ್ರ ಹಾಕಿ ಹೊಸದಾಗಿ ಕಟ್ತೀನಿ. ಬಂಡೆ ಮೇಲೆ ನಡೆಯುತ್ತೆ, ಹೊಳೆಯೊಳಗೆ ಇಳಿಯುತ್ತೆ."

"ಮೊದಲು ನೆಲದ ಮೇಲೆ ಹೋಗಲಿ," ಎಂದರು ಮೇಡಂ.

ಶೆಡ್ಡು ತಮ್ಮನದು. ಅವನಿಗೆ ಸಿಮೆಂಟು ಇಡಲು ಅದು ಬೇಕಿತ್ತು. ಆದ್ದರಿಂದ ಅವನೊಂದು ಷರತ್ತು ಹಾಕಿದ: "ಕಟ್ಟಿಕೊಳ್ಳಿ ಭಾವ. ನನ್ನ ಹಳೇ ಕಲ್ಲುಕ್ವಾರಿಯ ಇಳಿಜಾರು ಹತ್ತಿ ತೋರಿಸಿದರೆ ಶೆಡ್ಡು ನಿಮ್ಮದೇ. ಹತ್ತಲಿಲ್ಲ ಅಂದ್ರೆ ಗುಜರಿಯವನು ಬರ್ತಾನೆ."

ಮೇಡಂಗೆ ಟ್ರಕ್ಕಿನಲ್ಲಿ ಆಸಕ್ತಿಯಿರಲಿಲ್ಲ. ಆದರೆ ಘೋಷಕರು ಪ್ರತಿಯೊಂದು ಬೋಲ್ಟನ್ನೂ ಘೋಷಿಸಿ ಬಿಚ್ಚಿ, ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕುವುದನ್ನು ಕಂಡ ದಿನ ಅವರ ಎದೆ ಉರಿಯಿತು. ಬೋಲ್ಟುಗಳನ್ನು ಅಳತೆಗೆ ತಕ್ಕಂತೆ ವಿಂಗಡಿಸಿ ಕೊಟ್ಟು ಬರುತ್ತೇನೆಂದು ಶೆಡ್ಡಿಗೆ ಹೋದವರು ಊಟದ ಹೊತ್ತಿಗೆ ಬರಲಿಲ್ಲ. ಮರುದಿನ ಹಳೆಯ ಸೀರೆ ಉಟ್ಟು, ಸೆರಗು ಬಿಗಿದು, ಟ್ರಕ್ಕಿನ ಅಡಿಯಲ್ಲೇ ಮಲಗಿದ್ದರು. ಹಿಡಿಸಿಬಿಟ್ಟಿತ್ತು. ಹಿಡಿಸಿತು ಎಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲ, ಅಷ್ಟೆ.

ಒಂದು ಟ್ರಕ್ಕಿನ ಅಡಿಯಲ್ಲಿ ಎರಡು ಅಭಿಪ್ರಾಯ ಹಿಡಿಸುವುದಿಲ್ಲ. ಸ್ಪ್ಯಾನರು ಹಿಡಿಯುವ ಕೋನದ ಬಗ್ಗೆಯೇ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಮೇಡಂ ಸೀಮೆಸುಣ್ಣ ತಂದು ಚಾಸಿಯ ನಡುವೆ, ಎಡದಿಂದ ಬಲಕ್ಕೆ, ಒಂದು ಗೆರೆ ಎಳೆದರು.

"ಮುಂದಿನದು ನಂದು. ಹಿಂದಿನದು ನಿಮ್ಮದು. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ, ಮಾತೂ ಆಡೋ ಹಾಗಿಲ್ಲ."

"ಹಾರನ್ನು?"

"ಮುಂದಿದೆ. ನಂದು."

"ಹಾರನ್ನಿಲ್ಲದ ಗಂಡಸು ಏನು ಮಾಡಬೇಕು ಮೇಡಂ?"

ಕೊನೆಗೆ ಒಪ್ಪಂದವಾಯಿತು. ಗಾಡಿಯ ತಲೆಯ ಮೇಲೆ, ಗೆರೆಗೆ ಸರಿಯಾಗಿ, ಘೋಷಕರು ಒಂದು ಧ್ವನಿವರ್ಧಕ ಕೂರಿಸಿಕೊಳ್ಳಬಹುದು. ಅದರ ಮೈಕನ್ನು ಅವರ ಸೀಟಿನ ಪಕ್ಕದ ಕೊಕ್ಕೆಗೆ ತೂಗುಹಾಕಿಕೊಳ್ಳಬಹುದು.

ಕೆಲಸ ಸಾಗಿತು. ಸ್ಪ್ರಿಂಗು ಏರಿತು, ಚಕ್ರ ದೊಡ್ಡದಾಯಿತು, ಹೊಳೆಯಲ್ಲಿ ಇಂಜಿನ್ನು ಉಸಿರಾಡಲೆಂದು ಒಂದು ಕೊಳವೆ ಆನೆಯ ಸೊಂಡಿಲಿನಂತೆ ಮೇಲೆದ್ದಿತು. ಎಲ್ಲ ಸರಿಯಾಗಿಯೇ ಇತ್ತು, ಮೇಡಂಗೆ ಒಂದು ವಿಚಾರ ಹೊಳೆಯುವವರೆಗೆ.

ಟ್ರಕ್ಕಿನ ಮುಂದಿನ ಅಚ್ಚಿನ ನಡುವೆ ಒಂದು, ಹಿಂದಿನದರ ನಡುವೆ ಒಂದು, ಹಲ್ಲುಚಕ್ರಗಳು ತುಂಬಿದ ಕಬ್ಬಿಣದ ಗುಂಡು ಇರುತ್ತದೆ. ಇಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ದಂಡ ಅದರೊಳಗೆ ಹೊಕ್ಕು ಚಕ್ರಗಳನ್ನು ತಿರುಗಿಸುತ್ತದೆ. ಆಕಾರ ನೋಡಿ ಅದನ್ನು ಇಬ್ಬರೂ ಕುಂಬಳಕಾಯಿ ಎನ್ನುತ್ತಿದ್ದರು. ದಂಡ ಕುಂಬಳಕಾಯಿಯ ಕೆಳಭಾಗಕ್ಕೆ ಸೇರುವುದನ್ನು ಮೇಡಂ ಗಮನಿಸಿದರು. ಕಲ್ಲಿನ ದಾರಿಯಲ್ಲಿ ಅದಕ್ಕೆ ಪೆಟ್ಟು ಬೀಳದೆ ಇರುತ್ತದೆಯೇ? ಕುಂಬಳಕಾಯಿಯನ್ನು ತಲೆಕೆಳಗು ಮಾಡಿ ಕೂರಿಸಿದರೆ ದಂಡ ಮೇಲಕ್ಕೆ ಹೋಗುತ್ತದೆ. ಬೋಲ್ಟಿನ ತೂತುಗಳೂ ಸರಿಯಾಗಿ ಹೊಂದುತ್ತವೆ. ಇಷ್ಟು ಸರಳವಾದದ್ದು ಗಾಡಿ ಮಾಡಿದವರಿಗೆ ಹೊಳೆಯಲಿಲ್ಲವಲ್ಲ ಎಂದು ಮರುಗುತ್ತ, ಸರಪಳಿ ರಾಟೆಯಿಂದ ಅದನ್ನು ಎತ್ತಿ, ತಿರುಗಿಸಿ, ಕೂರಿಸಿ, ಬಿಗಿದರು. ಗೆರೆಯಾಚೆಯಿಂದ ಘೋಷಕರು ನೋಡಲಿಲ್ಲ. ನೋಡಿದ್ದರೂ ಮಾತಾಡಕೂಡದು ಎಂದು ಒಪ್ಪಂದವಿತ್ತು.

ಊರ ರಸ್ತೆಯಲ್ಲಿ ದಂಡನಾಯಕ ಗಂಭೀರವಾಗಿಯೇ ಓಡಿದ. ಸಮತಟ್ಟಿನಲ್ಲಿ ಎಳೆಯುವುದು ಹಿಂದಿನ ಚಕ್ರ ಮಾತ್ರ. ಏರು ಬಂದಾಗ ಗೇರಿನ ಪಕ್ಕದ ಸನ್ನೆ, ಅಂದರೆ ಲಿವರು, ಎಳೆದರೆ ಮುಂದಿನದೂ ಕೈಜೋಡಿಸುತ್ತದೆ.

ಭಾನುವಾರ ಬೆಳಿಗ್ಗೆ ಕ್ವಾರಿಯ ಬುಡದಲ್ಲಿ ತಮ್ಮ ಕೈಕಟ್ಟಿ ನಿಂತಿದ್ದ. ಏರು ಬಂದ ಕಾರಣ ಮೇಡಂ ಘೋಷಕರನ್ನು ಪಕ್ಕಕ್ಕೆ ಸರಿಸಿ ಸ್ಟೀರಿಂಗು ಹಿಡಿದರು.

"ನನ್ನ ಪಾಲಿನಲ್ಲಿ ಕೂದಲೆಳೆ ತಪ್ಪು ಸಿಕ್ಕರೆ ಕೇಳು," ಎಂದು ತಮ್ಮನಿಗೆ ಕಿಟಕಿಯಿಂದ ಹೇಳಿ, ಒಂದನೇ ಗೇರು ಹಾಕಿ, ಸನ್ನೆ ಎಳೆದರು.

ದಂಡನಾಯಕ ಗರ್ಜಿಸಿದ. ಆದರೆ ಹೊರಡಲಿಲ್ಲ. ನಿಂತಲ್ಲೇ ಚಳಿಜ್ವರ ಬಂದವನ ಹಾಗೆ ಗಡಗಡ ನಡುಗಿದ. ಹಿಂದಿನ ಚಕ್ರಗಳು ಜಲ್ಲಿಯನ್ನು ಹಿಂದಕ್ಕೆ ಎಸೆದವು. ಮುಂದಿನ ಚಕ್ರಗಳು ಅಷ್ಟೇ ನಿಷ್ಠೆಯಿಂದ ಮುಂದಕ್ಕೆ ಎಸೆದವು. ನಾಲ್ಕು ಗುಂಡಿ ತೋಡಿಕೊಂಡು ಗಾಡಿ ಅದರಲ್ಲಿ ಕೂತಿತು.

"ಎತ್ತು ಏರಿಗೆ, ಕೋಣ ನೀರಿಗೆ," ಎಂದ ತಮ್ಮ, ಬಟ್ಟೆಯ ಧೂಳು ಕೊಡವುತ್ತ. "ಎತ್ತು ಯಾರು, ಕೋಣ ಯಾರು, ಅದನ್ನು ಹೇಳಿ ಭಾವ."

ಘೋಷಕರು ಇಳಿದು ಹೊಟ್ಟೆಯ ಮೇಲೆ ಮಲಗಿ ಅಡಿಗೆ ತಲೆ ಹಾಕಿದರು. ಬಹಳ ಹೊತ್ತು ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಮೇಲೆ ಕೂತ ಮೇಡಂ ಕಣ್ಣು ಮುಚ್ಚಿ ಕುಂಬಳಕಾಯಿಯನ್ನು ಮನಸ್ಸಿನಲ್ಲಿ ತಿರುಗಿಸಿದರು. ತಲೆಕೆಳಗು ಮಾಡಿದಾಗ ಮೇಲಿನದು ಕೆಳಗೆ ಹೋಗುತ್ತದೆ, ಸರಿ. ಎಡದ್ದು ಬಲಕ್ಕೂ ಹೋಗುತ್ತದೆ. ಚಕ್ರದ ಸುತ್ತು ತಿರುವುಮುರುವಾಗುತ್ತದೆ. ಮೊದಲ ವರ್ಷದ ಪಾಠ. ಅವರ ಕಿವಿ ಬಿಸಿಯಾಯಿತು.

"ಕುಂಬಳಕಾಯಿ ಇರಬೇಕು," ಎಂದ ತಮ್ಮ. ಅವನಿಗೂ ಗಾಡಿಯ ಭಾಷೆ ಸ್ವಲ್ಪ ಬರುತ್ತಿತ್ತು.

ಮೇಡಂ ತಮಗೆ ತಿಳಿಯದೆ ಹೆಗಲು ಒರೆಸಿಕೊಂಡರು.

ಘೋಷಕರು ಎದ್ದರು. ಮೇಡಂ ಗಂಡನ ಮುಖ ನೋಡಿದರು. ಅವರಿಗೆ ತಿಳಿದಿದೆ, ತಿಳಿದದ್ದು ಇವರಿಗೂ ತಿಳಿದಿದೆ. ಇನ್ನು ಘೋಷಣೆಯೊಂದೇ ಬಾಕಿ. ಘೋಷಕರ ಕೈ ಮೈಕಿನತ್ತ ಹೋಯಿತು. ಮೇಡಂ ಬೆನ್ನು ನೆಟ್ಟಗೆ ಮಾಡಿ ಕೂತರು. ಗಲ್ಲಿಗೇರುವುದಾದರೂ ಗೂನು ಬೆನ್ನಿನಲ್ಲಿ ಏರುವುದು ಬೇಡ.

"ಗಮನಿಸಿ," ಎಂದಿತು ಧ್ವನಿವರ್ಧಕ, ಇಡೀ ಕ್ವಾರಿ ಮಾರ್ದನಿಸುವಂತೆ. "ತಾಂತ್ರಿಕ ಕಾರಣಗಳಿಂದ ದಂಡನಾಯಕ ಒಂದು ವಾರ ತಡವಾಗಿ ಹೊರಡಲಿದೆ. ಆಗಿರುವ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

"ಮುಂದಿನ ತಾಂತ್ರಿಕವೋ ಹಿಂದಿನದ್ದೋ?"

"ತಾಂತ್ರಿಕಕ್ಕೆ ಹಿಂದೆ ಮುಂದೆ ಇರಲ್ಲಪ್ಪ."

ತಮ್ಮ ಅಕ್ಕನನ್ನು ನೋಡಿದ, ಭಾವನನ್ನು ನೋಡಿದ. "ಮುಂದಿನ ಭಾನುವಾರ," ಎಂದ. "ಅವತ್ತು ಗುಜರಿಯವನನ್ನೂ ಕರ್ಕೊಂಡೇ ಬರ್ತೀನಿ. ಪಾಪ, ಅವನಿಗೂ ಒಂದು ತಿರುಗಾಟ ಆಗುತ್ತೆ."

ಸನ್ನೆ ಬಿಟ್ಟು, ಬರಿಯ ಹಿಂದಿನ ಚಕ್ರದ ದಯೆಯಿಂದ ಗುಂಡಿಯಿಂದ ಹೊರಬಂದು ಮನೆ ಸೇರಿದರು.

ಆ ವಾರದಂಥ ವಾರ ಮೇಡಂ ಕಂಡಿರಲಿಲ್ಲ. ಗಂಡ ಚುಚ್ಚಲಿಲ್ಲ. ನಗಲಿಲ್ಲ. ಹಾಲು ಉಕ್ಕುತ್ತಿದೆ ಎಂದು ಎಂದಿನಂತೆ ಕೂಗಿದರು, ಕುಂಬಳಕಾಯಿ ತಲೆಕೆಳಗಿದೆ ಎಂದು ಒಮ್ಮೆಯೂ ಕೂಗಲಿಲ್ಲ. ಬಾಯಿ ಬಿಡುವ ಗಂಡನ ಬಾಯಿ ಮುಚ್ಚಿಸುವ ವಿದ್ಯೆ ಮೇಡಂಗೆ ಕರಗತವಾಗಿತ್ತು. ಬಾಯಿ ಮುಚ್ಚಿದ ಗಂಡನನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಶೆಡ್ಡಿಗೆ ಹೋಗಿ ತಾವೇ ಸರಿಪಡಿಸಬಹುದಿತ್ತು. ಆದರೆ ಯಾವಾಗ ಹೋದರೂ ಘೋಷಕರು ತಮ್ಮ ಪಾಲಿನ ಅಡಿಯಲ್ಲಿ ಮಲಗಿರುತ್ತಿದ್ದರು. ಅವರ ಎದುರಿಗೇ ಮುಂದಿನದನ್ನು ಬಿಚ್ಚುವುದೆಂದರೆ ಬರೆದು ಸಹಿ ಹಾಕಿಕೊಟ್ಟ ಹಾಗೆ. ಮೇಡಂ ಬಾಗಿಲವರೆಗೆ ಹೋಗಿ, "ಟೀ ಆಗಿದೆ," ಎಂದು ಹೇಳಿ ವಾಪಸು ಬರುತ್ತಿದ್ದರು. ಆ ವಾರ ಘೋಷಕರಿಗೆ ಸಿಕ್ಕಷ್ಟು ಟೀ ಹಿಂದೆಂದೂ ಸಿಕ್ಕಿರಲಿಲ್ಲ.

ಶನಿವಾರ ಸಂಜೆ ಮೊಣಕೈವರೆಗೆ ಕಪ್ಪು ಎಣ್ಣೆ ಬಳಿದುಕೊಂಡು ಬಂದರು. "ಗಾಡಿ ಸಿದ್ಧ," ಎಂದರು. ಅಷ್ಟೇ. ಗೆರೆ ದಾಟಿ ನನ್ನದನ್ನು ಸರಿಮಾಡಿದ್ದಾರೆ ಎಂದು ಮೇಡಂ ತಿಳಿದರು. ಸಮಾಧಾನವೂ ಆಯಿತು, ಸಿಟ್ಟೂ ಬಂತು.

ಭಾನುವಾರ ಘೋಷಕರೇ ಓಡಿಸಿದರು. ಸೈಕಲ್ಲಿನವರು ಹಿಂದೆ ಹಾಕಿ ಹೋಗುವಷ್ಟು ನಿಧಾನ. ಹಿಂದೆ ಬರುತ್ತಿದ್ದ ಗಾಡಿಗಳು ಯಾಕೋ ಗಾಬರಿಯಿಂದ ಬ್ರೇಕು ಹಾಕುತ್ತಿದ್ದವು. ಒಬ್ಬ ಪಕ್ಕಕ್ಕೆ ಬಂದು, "ತಾತ, ಮುಂದೆ ಹೋಗ್ತೀರೋ ಹಿಂದೆ ಬರ್ತೀರೋ ಮೊದಲು ತೀರ್ಮಾನ ಮಾಡಿ," ಎಂದು ಬೈದು ಹೋದ.

"ಯಾಕೆ ಹಾಗಂದ?"

"ಜನ," ಎಂದರು ಘೋಷಕರು.

ಕ್ವಾರಿಯ ಬುಡದಲ್ಲಿ ತಮ್ಮನೂ ಗುಜರಿಯವನೂ ಕಾದಿದ್ದರು. ಮೇಡಂ ಸ್ಟೀರಿಂಗಿಗೆ ಬಂದು, ಒಂದನೇ ಗೇರಿಗೆ ಕೈ ಹಾಕಿದರು.

"ಅದು ಬೇಡ," ಎಂದರು ಘೋಷಕರು, ಕಿಟಕಿಯಿಂದ ಆಚೆ ನೋಡುತ್ತ. "ರಿವರ್ಸ್ ಹಾಕಿ."

"ಗುಡ್ಡ ಮುಂದಿದೆ ರೀ."

"ಮುಂದಕ್ಕೇ ಹೋಗುತ್ತೆ."

ಮೇಡಂ ಅವರನ್ನು ನೋಡಿದರು. ಗೇರನ್ನು ನೋಡಿದರು. ನಿಧಾನವಾಗಿ ಅರ್ಥವಾಯಿತು.

"ನಿಮ್ಮದನ್ನೂ ತಲೆಕೆಳಗು ಮಾಡಿದ್ರಾ?"

"ಹೂಂ."

"ಸರಿಯಾಗಿದ್ದದ್ದನ್ನ ಯಾಕೆ ಕೆಡಿಸಿದ್ರಿ? ನನ್ನದನ್ನ ಸರಿ ಮಾಡಿದ್ರೆ ಆಗ್ತಿತ್ತಲ್ಲ?"

"ಗೆರೆ ಇತ್ತಲ್ಲ ಮೇಡಂ."

ಕೆಳಗಿನಿಂದ ತಮ್ಮ ಗಡಿಯಾರ ತೋರಿಸಿದ. ಮೇಡಂ ರಿವರ್ಸ್ ಗೇರು ಹಾಕಿ ಸನ್ನೆ ಎಳೆದರು. ನಾಲ್ಕೂ ಚಕ್ರ ಒಂದೇ ಮನಸ್ಸಿನಿಂದ ಕಲ್ಲನ್ನು ಕಚ್ಚಿದವು. ರಿವರ್ಸ್ ಎಂದರೆ ಗಾಡಿಯ ಅತಿ ನಿಧಾನದ, ಅತಿ ಬಲದ ಗೇರು. ದಂಡನಾಯಕ ಹೊಟ್ಟೆ ತುಂಬಿದ ಆನೆಯ ಹಾಗೆ, ಅವಸರವಿಲ್ಲದೆ, ಬಂಡೆಯಿಂದ ಬಂಡೆಗೆ ಹೆಜ್ಜೆ ಇಡುತ್ತ ಹತ್ತಿದ. ಹಿಂದೆ, ಗಾಡಿ ಹಿಂದಕ್ಕೆ ಬರುತ್ತಿದೆ ಎಂದು ಲೋಕಕ್ಕೆ ಎಚ್ಚರಿಸುವ ಬಿಳಿಯ ದೀಪ ಉರಿಯುತ್ತಲೇ ಇತ್ತು. ಗುಜರಿಯವನು ಅದನ್ನು ನಂಬಿ ಪಕ್ಕದ ದಿಬ್ಬಕ್ಕೆ ಓಡಿಹೋದ.

ನೆತ್ತಿಯ ಮೇಲೆ ಇಂಜಿನ್ನು ಆರಿಸಿದಾಗ ಗಾಳಿಯ ಸದ್ದು ಮಾತ್ರ ಇತ್ತು. ದೂರಕ್ಕೆ ಊರು, ರೈಲು ಹಳಿ, ನಿಲ್ದಾಣದ ತಗಡಿನ ಮಾಡು.

ಮೇಡಂ ಆ ಮಾಡನ್ನೇ ನೋಡಿದರು. ಇಷ್ಟು ವರ್ಷ ಆ ಮೈಕಿನ ಮುಂದೆ ಕೂತು ದಿನವೆಲ್ಲ ಮಾತಾಡಿದ ಈ ಮನುಷ್ಯ, ರೈಲು ಯಾಕೆ ತಡ ಎಂದು ಒಂದು ದಿನವಾದರೂ ಬಾಯಿ ಬಿಟ್ಟಿದ್ದುಂಟೇ? ಯಾರು ನಿದ್ದೆ ಹೋದರು, ಯಾರು ಸಿಗ್ನಲ್ ಮರೆತರು, ಎಲ್ಲ ಗೊತ್ತಿತ್ತು. ಎಲ್ಲವೂ ತಾಂತ್ರಿಕ ಕಾರಣ.

ಕೆಳಗಿನಿಂದ ತಮ್ಮ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದ: "ಹತ್ತಿದ್ದು ಒಪ್ಪಿದೆ. ಶೆಡ್ಡು ನಿಮ್ಮದೇ. ಆದ್ರೆ ಹೋದ ವಾರದ ತಪ್ಪು ಯಾರದ್ದು? ಅದನ್ನಾದ್ರೂ ಹೇಳಿ ಭಾವ, ಮೈಕ್ ಇದೆಯಲ್ಲ."

ಘೋಷಕರು ಮೈಕು ತೆಗೆದುಕೊಂಡರು. ಮೇಡಂ ಕೈ ಚಾಚಿದರು.

"ಇಲ್ಲಿ ಕೊಡಿ."

"ನಿಮಗ್ಯಾಕೆ ಮೇಡಂ? ನಾನು ಹೇಳ್ತೀನಿ."

"ನೀವು ಏನು ಹೇಳ್ತೀರಿ ಅಂತ ಗೊತ್ತು. ಕೊಡಿ."

ಘೋಷಕರು ಬಗ್ಗಿ, ವೈರು ಸರಿಮಾಡಿ, ಮೈಕನ್ನು ಅವರ ಕೈಗಿತ್ತರು. ಮೇಡಂ ಬೆನ್ನು ನೆಟ್ಟಗೆ ಮಾಡಿದರು. ತುಂಬಿದ ತರಗತಿಗೆ ಪಾಠ ಹೇಳುವ ಧ್ವನಿಯಲ್ಲಿ, ಒಂದೊಂದೇ ಪದವಾಗಿ ಹೇಳಿದರು:

"ತಪ್ಪು ಮುಂದಿನ ಕುಂಬಳಕಾಯಿಯದು. ಅದನ್ನು ತಲೆಕೆಳಗಾಗಿ ಕೂರಿಸಿದವಳು ನಾನು. ನನಗೆ ತಿಳಿಯಲಿಲ್ಲ."

ಜೀವಮಾನದ ಮೊದಲ ಘೋಷಣೆ. ಮುಗಿಸಿ ಉಸಿರು ಬಿಟ್ಟು, ಕೆಳಗೆ ಭೂಕಂಪವಾಗುವುದನ್ನು ಕಾದರು.

ತಮ್ಮ ಕಿವಿಗೆ ಕೈ ಹಿಡಿದು ನಿಂತಿದ್ದ. "ಏನಕ್ಕಾ? ಏನೂ ಕೇಳಿಸ್ತಿಲ್ಲ."

ಮೇಡಂ ಕೈಯಲ್ಲಿದ್ದ ಮೈಕನ್ನು ನೋಡಿದರು. ಅದರ ವೈರಿನ ಜಾಡು ಹಿಡಿದು ಕಣ್ಣು ಸೀಟಿನ ಪಕ್ಕದ ಪುಟ್ಟ ಪೆಟ್ಟಿಗೆಗೆ ಹೋಯಿತು. ಸ್ವಿಚ್ಚು ಆರಿತ್ತು. ಅದರ ಮೇಲೆ ಘೋಷಕರ ಎಣ್ಣೆಮಸಿಯ ಹೆಬ್ಬೆರಳು ಇನ್ನೂ ಒತ್ತಿಕೊಂಡೇ ಇತ್ತು. ಅವರು ಮಾತ್ರ ಕಿಟಕಿಯಾಚೆ, ದೂರದಲ್ಲಿ ಬರುತ್ತಿದ್ದ ಯಾವುದೋ ರೈಲನ್ನು ನೋಡುತ್ತಿದ್ದರು.