ಸೋಮಾರಿ ನದಿಯ ವರ್ಷದ ಪಾಸು

ಮಂಗಳವಾರ ಬೆಳಿಗ್ಗೆ ಏಳೂವರೆಗೆ ತಿರುಮೂರ್ತಿಯ ಫೋನು ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಯಿತು. ಆಗಿದ್ದು ಅಷ್ಟೇ. ಆದರೆ ಆ ಹೊತ್ತಿನಲ್ಲಿ ಫೋನು ಇದ್ದದ್ದು ಅವನ ಹೆಂಡತಿ ಚಂದ್ರಾಳ ಕೈಯಲ್ಲಿ. ಚಂದ್ರಾ ಬಂದ ಮೆಸೇಜನ್ನು ಜೋರಾಗಿ ಓದುವವಳು.

"ಪ್ರೀತಿಯ ಗಿರಾಕಿಗಳೇ, ಆರು ವರ್ಷದ ನಿಮ್ಮ ನಿಷ್ಠೆಗೆ ಜಲಮೋಹಿನಿ ಪಾರ್ಕಿನ ವಂದನೆ. ನಿಮ್ಮ ಪಾಸು ಇವತ್ತು ಸಂಜೆಗೆ ಮುಗಿಯುತ್ತದೆ. ಹೊಸ ದರ ಏಳೂವರೆ ಸಾವಿರ." ತಮಿಳಿನಲ್ಲಿ ಓದಿ ಮುಗಿಸಿ ಅವಳು ಮನೆಮಾತಾದ ಕನ್ನಡಕ್ಕೆ ಬಂದಳು. "ಹೋದ ವರ್ಷ ಮೂರು ಸಾವಿರದ ಚಿಲ್ರೆ ಅಲ್ವಾ? ವಂದನೆ ಹೇಳಿ ಜೇಬಿಗೆ ಕೈ ಹಾಕೋರ್ನ ಇವತ್ತೇ ನೋಡಿದ್ದು."

ತಿರುಮೂರ್ತಿ ಕಾಫಿ ಲೋಟದೊಳಗೆ ನೋಡುತ್ತ ಕುಳಿತ. ಕಾಫಿಯ ಮೇಲೆ ಒಂದು ಗುಳ್ಳೆ ಸುತ್ತುತ್ತ ಸುತ್ತುತ್ತ ಅಂಚಿಗೆ ಹೋಗಿ ನಿಂತಿತು. ಅಲ್ಲೇ ಒಡೆಯಿತು.

ಕಾರಮಡೈನ ಪವರ್‌ಲೂಮ್ ಶೆಡ್ಡಿನಲ್ಲಿ ಮೂವತ್ತೊಂದು ವರ್ಷದಿಂದ ಅವನು ನೇಯುತ್ತಿದ್ದ. ಹನ್ನೆರಡು ಮಗ್ಗಗಳ ಸದ್ದು ಅವನ ಜೊತೆ ಮನೆಗೂ ಬರುತ್ತಿತ್ತು, ಊಟಕ್ಕೆ ಕೂರುತ್ತಿತ್ತು, ಪಕ್ಕದಲ್ಲೇ ಮಲಗುತ್ತಿತ್ತು. ಆ ಸದ್ದು ಅವನನ್ನು ಬಿಟ್ಟು ಹೋಗುತ್ತಿದ್ದದ್ದು ಲೋಕದಲ್ಲಿ ಒಂದೇ ಜಾಗದಲ್ಲಿ. ಜಲಮೋಹಿನಿ ಎಂಬ ನೀರಾಟದ ಪಾರ್ಕಿನ ಸೋಮಾರಿ ನದಿಯಲ್ಲಿ.

ನದಿ ಅಂದರೆ ನದಿಯಲ್ಲ. ಸಿಮೆಂಟಿನ ಕಾಲುವೆ, ತಿಳಿನೀಲಿ ಬಣ್ಣ, ಸೊಂಟದಷ್ಟು ನೀರು. ಗಾಳಿ ತುಂಬಿದ ಟ್ಯೂಬಿನ ಮೇಲೆ ಮಲಗಿದರೆ ನೀರೇ ಮೆಲ್ಲಗೆ ಸಾಗಿಸಿಕೊಂಡು ಹೋಗುತ್ತದೆ. ಒಂದು ಸುತ್ತಿಗೆ ಇಪ್ಪತ್ತೆರಡು ನಿಮಿಷ. ಬಿದಿರು ಬಾಗಿರುವ ತಿರುವಿನಲ್ಲಿ ತಲೆಯನ್ನು ಸ್ವಲ್ಪ ಹಿಂದಕ್ಕೆ ಚಾಚಿದರೆ ಕಿವಿಗಳೆರಡೂ ನೀರಿಗಿಳಿಯುತ್ತವೆ. ಆಗ ಮಗ್ಗಗಳು ಒಂದೊಂದಾಗಿ ನಿಲ್ಲುತ್ತವೆ. ಹನ್ನೆರಡನೆಯದೂ ನಿಂತ ಮೇಲೆ ಆಕಾಶ ಮಾತ್ರ ಉಳಿಯುತ್ತದೆ. ಯಾರೋ ಅದನ್ನು ಒಗೆದು ಹರವಿ ಮರೆತು ಹೋದ ಹಾಗೆ. ತಾನು ಯಾರು, ಯಾವ ಬೀದಿಯವನು ಎಂಬುದು ಸಹ ಆಗ ಅವನಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಏನೂ ಕೇಳಿಸದೆ ಇರುವುದಕ್ಕೆ ದುಡ್ಡು ಕೊಡುತ್ತೇನೆ ಎಂದು ಹೇಗೆ ಹೇಳುವುದು? ಮಂಗಳವಾರದ ರಜೆಯ ದಿನ ಗಂಡ ನೀರಲ್ಲಿ ನಿದ್ದೆ ಹೊಡೆಯಲು ಹೋಗುತ್ತಾನೆ ಎಂದುಕೊಂಡು ಚಂದ್ರಾ ಸುಮ್ಮನಿದ್ದಳು.

"ಹೋಗ್ಲಿ ಬಿಡು," ಅಂದ ತಿರುಮೂರ್ತಿ. ಆ ದನಿ ಎಷ್ಟು ಸಣ್ಣಗಿತ್ತೆಂದರೆ ಚಂದ್ರಾ ಕೇಳದೆಯೇ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಜಾನಕಿಯಮ್ಮ ಗೋಡೆಯ ಮೇಲಿಂದ ತಲೆ ಎತ್ತಿದರು. ಎಪ್ಪತ್ತೊಂದು ವರ್ಷ, ಅದರಲ್ಲಿ ಐವತ್ತು ಮಗ್ಗದ ಪಕ್ಕದಲ್ಲೇ ಕಳೆದವರು. "ಭವಾನಿ ಹೊಳೆಗೆ ಹೋಗೋ ಮೂರ್ತಿ! ಅಲ್ಲಿ ಯಾವನೂ ಟಿಕೇಟು ಕೇಳಲ್ಲ!"

ಭವಾನಿ ಹೊಳೆಯಲ್ಲಿ ಟಿಕೇಟು ಕೇಳುವುದಿಲ್ಲ, ನಿಜ. ಆದರೆ ಮುಳುಗಿ ಎದ್ದಾಗಲೆಲ್ಲ ಒಬ್ಬನಲ್ಲ ಒಬ್ಬ ಪರಿಚಯದವನು "ತಿರುಪ್ಪೂರಿಗೆ ಕೊಟ್ಟ ಮಗಳು ಚೆನ್ನಾಗಿದಾಳಾ?" ಎಂದು ಕೇಳುತ್ತಾನೆ.

ಚಂದ್ರಾಳ ತಮ್ಮ ಧನಪಾಲ್ ಬಂದದ್ದು ಇಡ್ಲಿಗೆ. ಅವನು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಊರಿನವರ ಎಲ್ಲ ಅರ್ಜಿಗಳೂ ಅವನ ಕೈ ದಾಟಿ ಹೋಗುತ್ತಿದ್ದುದರಿಂದ, ಸರ್ಕಾರ ನಡೆಸುವವರಿಗಿಂತ ತನಗೆ ಒಂದು ಕೈ ಹೆಚ್ಚು ಗೊತ್ತು ಎಂಬ ನಂಬಿಕೆ ಅವನಿಗಿತ್ತು. ಫೋನು ಕಸಿದುಕೊಂಡು ಬೆರಳಾಡಿಸಿದ.

"ಭಾವ, ಕೆಳಗೆ ನೋಡ್ಲಿಲ್ವಾ? ಫ್ಯಾಮಿಲಿ ಪಾಸು! ನಾಲ್ಕು ಜನಕ್ಕೆ ಒಟ್ಟಿಗೆ ಎಂಟು ಸಾವಿರ. ತಲೆಗೆ ಎರಡೇ! ಹಳೇ ದರಕ್ಕಿಂತ ಕಮ್ಮಿ. ನೀವು, ಅಕ್ಕ, ನಾನು..."

"ನೀನು ಯಾಕೋ?"

"ಮೇಲಿಂದ ಜಾರೋ ಆಟ ಇದೆಯಲ್ಲ ಭಾವ. ನಾಲ್ಕನೇದು ಅರವತ್ತು ದಾಟಿದ ತಾಯಿಯೋ ತಂದೆಯೋ ಇರಬೇಕಂತೆ."

ತಿರುಮೂರ್ತಿಯ ತಂದೆತಾಯಿ ತೀರಿಕೊಂಡು ಹತ್ತು ವರ್ಷ ಮೀರಿತ್ತು; ಚಂದ್ರಾಳ ಕಡೆಯೂ ಹಿರಿಯರು ಯಾರೂ ಉಳಿದಿರಲಿಲ್ಲ. ಯಾರೂ ಯಾರಿಗೂ ಹೇಳದೆ ಮೂರೂ ತಲೆಗಳು ಗೋಡೆಯ ಕಡೆ ತಿರುಗಿದವು.

"ನಾನು ಬರಲ್ಲಪ್ಪ," ಎಂದರು ಜಾನಕಿಯಮ್ಮ. "ಇರಿ, ಸೀರೆ ಬದಲಾಯಿಸ್ಕೊಂಡು ಬರ್ತೀನಿ."

ಮೇಟ್ಟುಪಾಳಯಂ ಬಸ್ಸಿನಲ್ಲಿ ಧನಪಾಲ್ ಎಲ್ಲರಿಗೂ ಪಾಠ ಹೇಳಿದ. ಜಾನಕಿಯಮ್ಮ ತಾಯಿ. ಆಧಾರ್ ಮನೆಯಲ್ಲೇ ಮರೆತಿದ್ದೇವೆ. ತಿರುಮೂರ್ತಿಯ ತಂದೆ ಅಯ್ಯಾಸಾಮಿ, ಆದ್ದರಿಂದ ಜಾನಕಿಯಮ್ಮನ ಗಂಡನೂ ಇವತ್ತೊಂದು ದಿನ ಅಯ್ಯಾಸಾಮಿ. ಜಾನಕಿಯಮ್ಮ ಎರಡೆರಡು ಸಲ ಕೇಳಿ ಬಾಯಿಪಾಠ ಮಾಡಿಕೊಂಡರು. ತಿರುಮೂರ್ತಿ ಕಿಟಕಿಯಾಚೆ ಹಿಂದಕ್ಕೆ ಓಡುತ್ತಿದ್ದ ಬಾಳೆತೋಟಗಳನ್ನು ನೋಡುತ್ತಿದ್ದ. ಸುಳ್ಳು ಹೇಳಿ ಸಂಪಾದಿಸಿದ ಮೌನ ಮೊದಲಿನ ಹಾಗೇ ಇರುತ್ತದೆಯೇ ಎಂಬ ಯೋಚನೆ ಬಂತು. ಅದನ್ನು ಬಾಳೆಗಳ ಜೊತೆಗೇ ಹಿಂದಕ್ಕೆ ಬಿಟ್ಟ.

ಪಾರ್ಕಿನ ಬಾಗಿಲಲ್ಲಿ ಹೊಸ ದರದ ಬೋರ್ಡಿನ ಮುಂದೆ ಏಳೆಂಟು ಜನ ಹಳೆಯ ಪಾಸಿನವರು, ಗೋಡೆಗೆ ಅಂಟಿಸಿದ ಮರಣದ ಪೋಸ್ಟರು ಓದುವವರ ಹಾಗೆ ನಿಂತಿದ್ದರು. ಪ್ರತಿ ತಿಂಗಳು ಮೊಮ್ಮಗಳನ್ನು ಕರೆತರುತ್ತಿದ್ದ ನಿವೃತ್ತ ಮೇಷ್ಟ್ರು ತಿರುಮೂರ್ತಿಯನ್ನು ನೋಡಿ ತಲೆಯಾಡಿಸಿದರು. ಆರು ವರ್ಷದಲ್ಲಿ ಅವರಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಮೇಷ್ಟ್ರು ತಮ್ಮ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದುಹೋದರು.

ಕೌಂಟರಿನಲ್ಲಿದ್ದ ಹುಡುಗಿಯ ಹೆಸರು ತೆನ್ಮೊಳಿ ಎಂದು ಅವಳ ಎದೆಯ ಪಟ್ಟಿ ಹೇಳುತ್ತಿತ್ತು. ಅವಳ ಹಿಂದೆ ಗಾಜಿನ ಕೋಣೆಯಲ್ಲಿ ಒಬ್ಬ ಕನ್ನಡಕದ ಮನುಷ್ಯ ಕಂಪ್ಯೂಟರಿಗೆ ಮುಖ ಕೊಟ್ಟು ಕುಳಿತಿದ್ದ.

"ಪಾಟಿಗೆ ಆಧಾರ್ ಇಲ್ಲದಿದ್ದರೂ ಪರವಾಗಿಲ್ಲ," ಎಂದಳು ತೆನ್ಮೊಳಿ ತಮಿಳಿನಲ್ಲಿ, ಜಾನಕಿಯಮ್ಮನನ್ನು ಅಜ್ಜಿ ಮಾಡಿ. "ನೋಡಿದರೇ ಎಂಬತ್ತು ಅಂತ ಗೊತ್ತಾಗುತ್ತೆ."

"ಎಂಬತ್ತಾ? ಇವಳ ಕಣ್ಣಿಗೆ ಏನು ಬಡಿದಿದೆ?" ಎಂದು ಜಾನಕಿಯಮ್ಮ ಕನ್ನಡದಲ್ಲಿ ಗುಡುಗಿದರು. ಚಂದ್ರಾ ಅವರ ಸೆರಗು ಜಗ್ಗಿದಳು.

ಹುಡುಗಿ ಅರ್ಜಿಯ ಮೇಲೆ ಪೆನ್ನಿಟ್ಟಳು. "ಪಾಟಿ, ನಿಮ್ಮ ಯಜಮಾನರ ಹೆಸರು?"

"ಅಯ್ಯಾಸಾಮಿ!" ಎಂದರು ಜಾನಕಿಯಮ್ಮ. ಸಾಲದೇನೋ ಎಂದು ಇನ್ನೊಮ್ಮೆ, "ಅಯ್ಯಾಸಾಮಿ! ಬರ್ಕೊ ಮಗಳೇ, ಅಯ್ಯಾಸಾಮಿ!"

ತೆನ್ಮೊಳಿಯ ಪೆನ್ನು ನಿಂತಿತು. ಅವಳ ಅಜ್ಜಿ ರೇಷನ್ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಗಂಡನ ಹೆಸರು ಕೇಳಿದಾಗಲೆಲ್ಲ ಗೋಡೆಯ ಕ್ಯಾಲೆಂಡರಿನ ಮುರುಗನನ್ನು ತೋರಿಸಿ ತಲೆ ತಗ್ಗಿಸುತ್ತಿದ್ದಳು. ಈ ವಯಸ್ಸಿನ ಯಾವ ಹೆಂಗಸು ಗಂಡನ ಹೆಸರನ್ನು ತರಕಾರಿ ಕೂಗುವ ಹಾಗೆ ಕೂಗುತ್ತಾಳೆ? ಹುಡುಗಿ ಕಣ್ಣು ಸಣ್ಣ ಮಾಡಿ ನೋಡಿದಳು.

ಅಪಾಯ ಧನಪಾಲನಿಗೆ ಹೊಳೆಯಿತು. ತಮಿಳರ ನಡುವೆ ಗುಟ್ಟು ಹೇಳಬೇಕಾದಾಗ ಅವರ ಮನೆಯವರೆಲ್ಲ ಮೂರು ತಲೆಮಾರಿನಿಂದ ಮಾಡಿಕೊಂಡು ಬಂದದ್ದನ್ನೇ ಅವನೂ ಮಾಡಿದ. ಕನ್ನಡದೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡ. ಆದರೆ ಮಗ್ಗದ ಮನೆಯವರ ಪಿಸುಮಾತು ಬೇರೆಯವರ ಜಗಳಕ್ಕಿಂತ ಜೋರು.

"ದೊಡ್ಡಮ್ಮ, ಸ್ವಲ್ಪ ನಾಚ್ಕೊ! ಗಂಡನ ಹೆಸರ್ನ ಹಿಂಗಾ ಹೇಳೋದು?"

"ನಾನ್ಯಾಕೋ ನಾಚ್ಕೋಬೇಕು? ನನ್ ಗಂಡನ ಹೆಸರಾ ಅದು? ಇವನ ಅಪ್ಪನ ಹೆಸರು! ನೂರು ಸಲ ಹೇಳಿದ್ರೂ ಪಾಪ ಇಲ್ಲ. ನಮ್ಮನೆಯವರ ಹೆಸರು ಹೇಳು ಅನ್ನು ನೋಡಾಣ, ಕತ್ತು ಕುಯ್ದ್ರೂ ಹೇಳಲ್ಲ!"

"ಇವತ್ತೊಂದು ದಿನ ನಿನ್ ಗಂಡ ಅಂದ್ಕೊ!"

"ಥೂ! ಆ ಅಯ್ಯಾಸಾಮಿಯ ಮೂಗು ನೋಡಿದೀಯಾ ನೀನು?"

"ಏನ್ರೀ, ನೀವಾದ್ರೂ ಹೇಳಿ ಇವರಿಗೆ," ಎಂದು ಚಂದ್ರಾ ಗಂಡನ ಕಡೆ ತಿರುಗಿದಳು. "ಮೆಲ್ಲಗೆ ಮಾತಾಡೋಕೆ ಹೇಳಿ."

"ಯಾಕಕ್ಕ ಮೆಲ್ಲಗೆ? ಈ ಹುಡುಗಿಗೆ ಕನ್ನಡ ಬರುತ್ತಾ?" ಎಂದ ಧನಪಾಲ್. "ನಾವು ಸುಳ್ಳು ಹೇಳ್ತಿದೀವಿ ಅಂತ ಕನ್ನಡದಲ್ಲಿ ಕೂಗಿದ್ರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ. ನಾವು ಸುಳ್ಳು ಹೇಳ್ತಿದೀವೀ! ನೋಡು, ಒಬ್ರಾದ್ರೂ ತಿರುಗಿದ್ರಾ?"

ಒಬ್ಬರು ತಿರುಗಿದರು. ಗಾಜಿನ ಕೋಣೆಯ ಕನ್ನಡಕದವನು ನಿಧಾನವಾಗಿ ಎದ್ದು ಬಾಗಿಲು ತೆರೆದ.

"ಒಳಗೆ ಬನ್ನಿ ಸಾರ್," ಎಂದ. ಕನ್ನಡದಲ್ಲಿ. "ಎಲ್ರೂ ಬನ್ನಿ. ದೊಡ್ಡಮ್ಮನ್ನ ಫ್ಯಾನ್ ಕೆಳಗೆ ಕೂರಿಸಿ."

ಲಾಳಿ ಮಗ್ಗದಿಂದ ಹಾರಿಬಂದು ಎದೆಗೆ ಬಡಿದಂತಾಯಿತು ತಿರುಮೂರ್ತಿಗೆ. ಕುಳಿತ. ಬಿದಿರಿನ ತಿರುವು ಕಣ್ಣೆದುರೇ ದೂರ ದೂರ ಹೋಗುತ್ತಿತ್ತು. ದಂಡವೇ? ಪೊಲೀಸೇ? ಹೆಸರು ಬರೆದು ಬಾಗಿಲಿಗೆ ಅಂಟಿಸುತ್ತಾರೆಯೇ? "ತಪ್ಪಾಯ್ತು ಸಾರ್," ಎಂದ. "ಇವರದೇನೂ ಇಲ್ಲ. ಪಾಸು ನಂದು. ಆಸೆ ನಂದು."

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಬೇಕಾಗಿದ್ದದ್ದು ಕನ್ನಡಕವಲ್ಲ, ಕಣ್ಣು ಎಂಬುದು ಆಮೇಲೆ ಗೊತ್ತಾಯಿತು.

"ನಾಲ್ಕು ತಿಂಗಳಾಯ್ತು ಸಾರ್, ಕನ್ನಡ ಕಿವಿಗೆ ಬಿದ್ದು. ರಾಮ್‌ಕುಮಾರ್ ಅಂತ, ಅರಸೀಕೆರೆ ಕಡೆಯೋನು. ಇವರ ತಮಿಳು ನಂಗೆ ಬರಲ್ಲ, ನನ್ನ ಇಂಗ್ಲಿಷು ಇವರಿಗೆ ಬೇಡ. ರೂಮಿಗೆ ಹೋಗಿ ಕನ್ನಡಿ ಜೊತೆ ಮಾತಾಡ್ತೀನಿ. ಈಗ ದೊಡ್ಡಮ್ಮ 'ನಾನ್ಯಾಕೋ ನಾಚ್ಕೋಬೇಕು' ಅಂದ್ರಲ್ಲ, ನಮ್ಮಜ್ಜಿನೇ ಎದ್ದು ಬಂದಂಗಾಯ್ತು. ಯಾವೂರು ಸಾರ್ ನಿಮ್ದು?"

"ಕಾರಮಡೈ."

"ಅಲ್ಲ, ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆಯೂ ಕಾರಮಡೈ."

ರಾಮ್‌ಕುಮಾರ್ ಬೀರುವಿನಿಂದ ಒಂದು ಕನ್ನಡ ಪೇಪರು ತೆಗೆದು ಪ್ರಸಾದದಂತೆ ಚಾಚಿದ. ತಿರುಮೂರ್ತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಚಿತ್ರ ನೋಡಿ ವಾಪಸು ಕೊಟ್ಟ. "ಮನೇಲಿ ಮಾತಾಡೋದು ಅಷ್ಟೇ ಸಾರ್. ಓದೋಕೆ ಬರಲ್ಲ."

"ಪರವಾಗಿಲ್ಲ ಬಿಡಿ," ಎಂದ ರಾಮ್‌ಕುಮಾರ್. ಅವನ ಮುಖ ಇನ್ನಷ್ಟು ಅರಳಿತು. "ನಾನು ಓದಿ ಹೇಳ್ತೀನಿ."

ಆಮೇಲೆ ಎಲ್ಲವೂ ಕನಸಿನಲ್ಲಾದಂತೆ ಆಯಿತು. ಫ್ಯಾಮಿಲಿ ಪಾಸಿನ ಅರ್ಜಿಯನ್ನು ರಾಮ್‌ಕುಮಾರ್ ಮಡಚಿ ಬುಟ್ಟಿಗೆ ಹಾಕಿದ. ಸುಳ್ಳು ಬೇಡ ಸಾರ್ ಎಂದ. ಸಿಬ್ಬಂದಿಗೆ ಒಬ್ಬೊಬ್ಬರಿಗೂ ವರ್ಷಕ್ಕೊಬ್ಬ ಅತಿಥಿಯನ್ನು ಹೆಸರಿಸುವ ಹಕ್ಕಿದೆ, ನನಗೆ ಇಲ್ಲಿ ಯಾರೂ ಇಲ್ಲ, ಆ ಜಾಗ ಖಾಲಿ ಬಿದ್ದಿದೆ ಎಂದ. ಪ್ರಿಂಟರು ಒಂದು ಹಸಿರು ಕಾರ್ಡನ್ನು ನಾಲಿಗೆಯಂತೆ ಹೊರಚಾಚಿತು. ವರ್ಷವಿಡೀ, ಒಂದು ರೂಪಾಯಿ ಇಲ್ಲ. ಉಳಿದ ಮೂವರಿಗೂ ಇವತ್ತಿನ ಮಟ್ಟಿಗೆ ಒಳಗೆ ದಾರಿ.

"ಭಾವ, ನಿಮ್ಮ ನಸೀಬು!" ಎಂದು ಧನಪಾಲ್ ಬೆನ್ನು ತಟ್ಟಿ ಜಾರುವ ಆಟದ ಕಡೆ ಓಡಿದ. ಜಾನಕಿಯಮ್ಮ ಮತ್ತು ಚಂದ್ರಾ ಅಲೆಯ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಬರುವ ಹೋಗುವವರ ಬಟ್ಟೆಯ ಬಗ್ಗೆ ಊರಿಗೆಲ್ಲ ಕೇಳುವಂತೆ ಗುಟ್ಟಾಗಿ ಮಾತಾಡತೊಡಗಿದರು.

ತಿರುಮೂರ್ತಿ ಟ್ಯೂಬಿನ ಮೇಲೆ ಮಲಗಿದ. ನೀರು ಅವನನ್ನು ಗುರುತು ಹಿಡಿದಂತೆ ಮೆಲ್ಲನೆ ಎತ್ತಿಕೊಂಡಿತು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು ರೆಪ್ಪೆಗಳ ಮೇಲೆ ಕಿತ್ತಳೆಯಾಗಿ ಕುಳಿತಿತ್ತು. ಬಿದಿರು ಬಂತು. ತಲೆಯನ್ನು ಹಿಂದಕ್ಕೆ ಚಾಚಿದ. ಒಂದನೇ ಮಗ್ಗ ನಿಂತಿತು. ಐದನೆಯದು, ಎಂಟನೆಯದು. ಹನ್ನೊಂದನೆಯದು ನಿಂತಾಗ ಒಂದು ಎಲೆ ಅವನ ಎದೆಯ ಮೇಲೆ ಬಂದು ಇಳಿಯಿತು. ಇನ್ನೊಂದೇ ಒಂದು...

ಟ್ಯೂಬಿಗೆ ಏನೋ ಮೆತ್ತಗೆ ಬಡಿಯಿತು. ಒಂದು ಕೈ ನೀರೊಳಗಿಂದ ಅವನ ತಲೆಯನ್ನು ಪ್ರೀತಿಯಿಂದ ಮೇಲೆತ್ತಿತು.

"ಕಿವಿಗೆ ನೀರು ಹೋಗುತ್ತೆ ಸಾರ್," ಎಂದ ರಾಮ್‌ಕುಮಾರ್. ಹಳದಿ ಚಡ್ಡಿ ಹಾಕಿಕೊಂಡು ಪಕ್ಕದ ಟ್ಯೂಬಿನಲ್ಲಿ ಹಾಯಾಗಿ ಒರಗಿದ್ದ. ಒಂದು ಕೈ ತಿರುಮೂರ್ತಿಯ ಟ್ಯೂಬಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿತ್ತು.

"ನೀವು... ಕೆಲಸ ಇಲ್ವಾ ಸಾರ್?"

"ಇದೇ ಕೆಲಸ. ಕಾರ್ಡಿನ ಹಿಂದೆ ನೋಡ್ಲಿಲ್ವಾ? ಅತಿಥಿ ಒಳಗಿರೋ ಅಷ್ಟು ಹೊತ್ತೂ ಸಿಬ್ಬಂದಿ ಜೊತೇಲೇ ಇರಬೇಕು. ರೂಲ್ಸು. ನಾನಿಲ್ಲದೆ ಗೇಟಲ್ಲಿ ನಿಮ್ಮನ್ನ ಬಿಡೋದೇ ಇಲ್ಲ. ನೀವು ಯಾವಾಗ ಬರೋದು ಅಂತ ಕಂಪ್ಯೂಟರಲ್ಲಿ ನೋಡಿದೆ, ಅದಕ್ಕೇ ನನ್ನ ವಾರದ ರಜೆನ ಮಂಗಳವಾರಕ್ಕೇ ಬದಲಾಯಿಸ್ಕೊಂಡೆ." ಅವನು ಆಕಾಶ ನೋಡುತ್ತ ದೀರ್ಘವಾಗಿ ಉಸಿರೆಳೆದುಕೊಂಡ. "ಎಲ್ಲಿಂದ ಶುರು ಮಾಡ್ಲಿ ಸಾರ್? ಹುಟ್ಟಿದಲ್ಲಿಂದಲೇ ಹೇಳ್ತೀನಿ, ಇಲ್ಲಾಂದ್ರೆ ನಿಮಗೆ ಅರ್ಥ ಆಗಲ್ಲ."

ಇಪ್ಪತ್ತೆರಡು ನಿಮಿಷದ ಮೇಲೆ ನದಿ ಅವರಿಬ್ಬರನ್ನೂ ಬಿದಿರಿನ ತಿರುವಿಗೆ ಮತ್ತೆ ತಂದಿತು. ರಾಮ್‌ಕುಮಾರ್ ಇನ್ನೂ ಮೂರನೇ ಕ್ಲಾಸಿನಲ್ಲೇ ಇದ್ದ.