ಸಮೀರಾಳ ಸಂದರ್ಶನವೂ ನನ್ನ ರಿಪೇರಿಯೂ

ನಾನು ನಿವೃತ್ತ ಹಿಂದಿ ಮಾಸ್ತರ. ಕಂಪ್ಯೂಟರಿಗೂ ನನಗೂ ಏನೇನೂ ಸಂಬಂಧವಿಲ್ಲ ಎಂಬುದು ನನ್ನ ಹೆಂಡತಿ ಜಯಂತಿಯ ಅಭಿಪ್ರಾಯ. ನನ್ನ ಅಭಿಪ್ರಾಯ ಬೇರೆ. ಮೇಜು ಸ್ತ್ರೀಲಿಂಗ, ಕಾಗದ ಪುಲ್ಲಿಂಗ ಎಂದು ಇಡೀ ವೃತ್ತಿಜೀವನ ಮಕ್ಕಳಿಗೆ ನಂಬಿಸಿದವನಿಗೆ ಜಗತ್ತಿನಲ್ಲಿ ಕಷ್ಟದ ವಿಷಯ ಎನ್ನುವಂಥದ್ದು ಬೇರೆ ಇರುವುದಿಲ್ಲ.

ನಮ್ಮ ಮನೆಯ ಕಂಪ್ಯೂಟರು ಮಳೆಗಾಲ ಮುಗಿದಂದಿನಿಂದ ಒಂದು ಹೊಸ ಅಭ್ಯಾಸ ಕಲಿತಿತ್ತು. ಕೆಲಸ ಮಾಡುತ್ತಾ ಮಾಡುತ್ತಾ ಯಾವ ಸೂಚನೆಯನ್ನೂ ಕೊಡದೆ ಆರಿ, ತಾನೇ ಮತ್ತೆ ಶುರುವಾಗುತ್ತಿತ್ತು. ನಾನು ಅರ್ಧ ಟೈಪ್ ಮಾಡಿದ್ದು ಹೋಗುತ್ತಿತ್ತು.

"ಪುತ್ತೂರಿನ ಅಂಗಡಿಗೆ ಕೊಂಡುಹೋಗಿ ತೋರಿಸಿ" ಎಂದಳು ಜಯಂತಿ.

"ಅವರು ಮಾಡುದನ್ನು ನಾನೇ ಮಾಡ್ತೇನೆ" ಎಂದೆ.

ಇಷ್ಟಾಗುವಾಗ ಪಕ್ಕದ ಮನೆಯ ಹಮೀದ್ ಬಂದರು. ಕುಂಬ್ರ ಜಂಕ್ಷನ್ನಿನಲ್ಲಿ ಅವರದ್ದು ಜಿನಸಿನ ಅಂಗಡಿ. ಮಗಳು ಸಮೀರಾ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿ, ಈಗ ಬಿ.ಎಡ್. ಮುಗಿಸಿದ ವಿಜ್ಞಾನದ ಟೀಚರ್. ಕಳೆದ ವರ್ಷ ಮದುವೆಯಾಗಿತ್ತು. ಗಂಡ ಗಲ್ಫಿನಲ್ಲಿ, ಇವಳು ಇಲ್ಲಿ. ಅಲ್ಲಿಯದೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದರೆ ಇಬ್ಬರೂ ಒಟ್ಟಿಗೆ ಇರಬಹುದು. ಆ ಶಾಲೆಯವರು ವಿಡಿಯೋದಲ್ಲಿ ಸಂದರ್ಶನ ಮಾಡುತ್ತಾರಂತೆ, ಪಾಠವನ್ನೂ ಮಾಡಿ ತೋರಿಸಬೇಕಂತೆ.

"ಕಂಪ್ಯೂಟರಲ್ಲೇ ಕೂತು ಮಾಡಬೇಕು ಅಂತ ಹೇಳಿದ್ದಾರೆ ಮಾಷ್ಟ್ರೆ. ನಮ್ಮಲ್ಲಿ ಇಲ್ಲ. ಸೈಬರಿಗೆ ಹೋದ್ರೆ ಅಲ್ಲಿ ಗಲಾಟೆ" ಎಂದರು ಹಮೀದ್.

"ಸೈಬರ್ ಯಾಕೆ? ಇಲ್ಲಿ ಉಂಟಲ್ಲ" ಎಂದೆ.

ಜಯಂತಿ ನನ್ನ ಮುಖ ನೋಡಿದಳು. ನಾನು ನೋಡಲಿಲ್ಲ.

ಹಮೀದ್ ಹೋದ ಮೇಲೆ ಅವಳು, "ಆ ಹುಡುಗಿ ಮಾತಾಡ್ತಾ ಇರುವಾಗ ಅದು ಬಂದ್ ಆದ್ರೆ ಎಂತ ಮಾಡ್ತೀರಿ?" ಎಂದು ಕೇಳಿದಳು.

"ಆಗುದಿಲ್ಲ. ಅಷ್ಟರಲ್ಲಿ ರಿಪೇರಿ ಆಗಿರ್ತದೆ."

ಮರುದಿನ ಜಯಂತಿ ಪೆರಾಬೆಯ ತಂಗಿಯ ಮನೆಗೆ ಹೋದಳು. ಮನೆಯಲ್ಲಿ ನಾನು ಮತ್ತು ಕಂಪ್ಯೂಟರು ಇಬ್ಬರೇ. ಮೊಬೈಲಿನಲ್ಲಿ ಕೆಲವು ವಿಡಿಯೋ ನೋಡಿದೆ. ಒಬ್ಬ ವೈರಸ್ ಎಂದ, ಇನ್ನೊಬ್ಬ ಬಿಸಿ ಎಂದ, ಮತ್ತೊಬ್ಬ ರ್‍ಯಾಮ್ ಎಂಬ ಭಾಗವನ್ನು ಕಿತ್ತು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಬೇಕು ಎಂದ. ಯಾರನ್ನೂ ಬೇಸರಪಡಿಸುವುದು ಬೇಡವೆಂದು ಮೂವರು ಹೇಳಿದ್ದನ್ನೂ ಮಾಡಿದೆ.

ಪೆಟ್ಟಿಗೆ ಬಿಚ್ಚಿದಾಗ ಒಳಗೆ ಕಂಡ ಧೂಳಿನಲ್ಲಿ ಬಸಳೆ ನೆಡಬಹುದಿತ್ತು. ಸೈಕಲ್ಲಿಗೆ ಗಾಳಿ ಹಾಕುವ ಪಂಪಿನಿಂದ ಊದಿದೆ. ಧೂಳು ಪೆಟ್ಟಿಗೆಯಿಂದ ಹೊರಟು ನನ್ನ ಮೂಗಿನಲ್ಲಿ ನೆಲೆಸಿತು. ರ್‍ಯಾಮ್ ಕಿತ್ತು, ಉಜ್ಜಿ, ಮರಳಿ ಸಿಕ್ಕಿಸಿದೆ. ಸ್ವಿಚ್ ಹಾಕಿದರೆ ಪರದೆ ಕಪ್ಪು, ಒಳಗಿಂದ ಪೀಂ ಪೀಂ ಎಂಬ ಸದ್ದು. ಅಲ್ಲಿಯವರೆಗೆ ಆಗಾಗ ಆರುತ್ತಿದ್ದ ಕಂಪ್ಯೂಟರು ಈಗ ಹೊತ್ತುವುದನ್ನೇ ಬಿಟ್ಟಿತ್ತು. ಇದನ್ನು ಪ್ರಗತಿ ಎನ್ನಲಾಗದು.

ಮತ್ತೆ ಕಿತ್ತೆ, ಮತ್ತೆ ಸಿಕ್ಕಿಸಿದೆ. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳಿನಿಂದ ಜೋರಾಗಿ ಒತ್ತಿದಾಗ ಟಕ್ಕೆಂದಿತು, ಪರದೆ ಬೆಳಗಿತು. ಪೆಟ್ಟಿಗೆ ಮುಚ್ಚಿದ ಮೇಲೆ ಎರಡು ಸ್ಕ್ರೂ ಉಳಿದವು. ಕಂಪೆನಿಯವರು ಹೆಚ್ಚಿಗೆ ಕೊಟ್ಟಿರಬೇಕು ಎಂದುಕೊಂಡು ಡಬ್ಬಿಗೆ ಹಾಕಿಟ್ಟೆ.

ಆಮೇಲೆ ಅದು ಒಮ್ಮೆಯೂ ಆರಲಿಲ್ಲ. ಆ ಇಡೀ ದಿನ, ಮರುದಿನವೂ. ನಾನು ಹಮೀದರ ಅಂಗಡಿಗೇ ಹೋಗಿ, "ಒಳ್ಳೆ ಕಂಡೀಷನಲ್ಲಿ ಉಂಟು, ಹೆದರುದು ಬೇಡ" ಎಂದು ಹೇಳಿ ಬಂದೆ. ಸಾಮಾನು ತೆಗೆದುಕೊಳ್ಳಲು ಬಂದ ಒಬ್ಬರಿಗೆ ರಬ್ಬರಿನ ವಿಷಯವನ್ನೂ ವಿವರಿಸಿದೆ.

ಸಂದರ್ಶನದ ದಿನ ಬೆಳಿಗ್ಗೆ ಜಯಂತಿ ಮರಳಿದಳು. ಹತ್ತು ಗಂಟೆಗೆ ಸಮೀರಾ ಇಸ್ತ್ರಿ ಮಾಡಿದ ಸೀರೆಯುಟ್ಟು ತಂದೆಯೊಂದಿಗೆ ಬಂದಳು. "ಸರ್, ನಡುವಿನಲ್ಲಿ ತೊಂದರೆ ಏನಾಗುದಿಲ್ಲ ಅಲ್ವಾ?" ಎಂದಳು. "ನಾನಿದ್ದೇನೆ" ಎಂದೆ. ತೊಂದರೆ ಅದೇ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಪರದೆಯಲ್ಲಿ ಒಬ್ಬ ಮಹನೀಯರು, ಕನ್ನಡಕದ ಒಬ್ಬ ಮೇಡಂ. ಸಮೀರಾ ಚೆನ್ನಾಗಿಯೇ ಶುರು ಮಾಡಿದಳು. ನಾನು ಬಾಗಿಲ ಬಳಿ ನಿಂತು ಹೆಮ್ಮೆಪಡುತ್ತಿದ್ದೆ. ಆಗ ಜಯಂತಿ ಅಡುಗೆಮನೆಯಿಂದ ಸನ್ನೆ ಮಾಡಿ ಕರೆದಳು. "ನಲ್ಲಿಯಲ್ಲಿ ನೀರೇ ಇಲ್ಲ. ನಾನಿಲ್ಲದಾಗ ಪಂಪು ಹಾಕಲೇ ಇಲ್ವಾ? ಹಮೀದಣ್ಣನಿಗೆ ಚಾ ಮಾಡುದು ಹೇಗೆ?"

ನಾನು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬಾವಿಯ ಪಂಪಿನ ಸ್ವಿಚ್ ಹಾಕಿದೆ.

ಮರಳಿ ಬಂದರೆ ಸಮೀರಾ ಕಪ್ಪು ಪರದೆಯ ಮುಂದೆ ಬಾಯಿ ತೆರೆದು ಕುಳಿತಿದ್ದಳು. "ಸರ್, ಹೋಯ್ತು."

ಹಮೀದ್ ಎದ್ದು ನಿಂತಿದ್ದರು. "ಬಿಸಿಯಾಗಿದೆ, ಅಷ್ಟೇ" ಎಂದು ಹೇಳಿ ನಾನು ಓಡಿದೆ. ಸದ್ದು ಬೇಡವೆಂದು ಪಂಪು ನಿಲ್ಲಿಸಿ, ಟೇಬಲ್ ಫ್ಯಾನು ತಂದು, ಪೆಟ್ಟಿಗೆಯ ಮುಚ್ಚಳ ತೆಗೆದು ಗಾಳಿ ಬೀಸುವಂತೆ ಇಟ್ಟೆ. ಗಾಳಿಗೆ ಸಮೀರಾಳ ಕಾಗದಗಳು ಹಾರಿದವು. ಹಮೀದ್ ಹೆಕ್ಕಿದರು. ಅಷ್ಟರಲ್ಲಿ ಕಂಪ್ಯೂಟರು ಎದ್ದಿತು, ಸಮೀರಾ ಕ್ಷಮೆ ಕೇಳಿ ಮುಂದುವರಿಸಿದಳು. ಗೆದ್ದೆವು ಎಂದುಕೊಂಡೆ.

"ನೀರು" ಎಂದಳು ಜಯಂತಿ.

ಮತ್ತೆ ಹೋಗಿ ಪಂಪು ಹಾಕಿದೆ. ಮತ್ತೆ ಕಪ್ಪು.

ಈ ಸಲ ಅಡುಗೆಮನೆಯಿಂದ ಜಯಂತಿಯೇ ಹೊರಗೆ ಬಂದಳು. "ನೀವು ಪಂಪು ಹಾಕುವಾಗ ನಮ್ಮ ಬಲ್ಬು ಕಣ್ಣು ಮಿಟುಕಿಸ್ತದೆ ನೋಡಿ. ಕಂಪ್ಯೂಟರು ಕಣ್ಣೇ ಮುಚ್ಚುದು ಅಂತ ಕಾಣ್ತದೆ. ನಾನು ಮನೆಯಲ್ಲಿ ಇಲ್ಲದಾಗ ಪಂಪು ಹಾಕಲಿಲ್ಲ, ಅದೂ ಆರಲಿಲ್ಲ."

"ಅದು ಹೇಗಾಗ್ತದೆ? ನಡುವೆ ಯುಪಿಎಸ್ ಉಂಟಲ್ಲ" ಎಂದೆ. ಕರೆಂಟು ಏರಿಳಿದರೂ ಕಂಪ್ಯೂಟರು ಆರದಂತೆ ಕಾಯಲೆಂದೇ ನಾನು ತಂದಿಟ್ಟ ಬ್ಯಾಟರಿಯ ಪೆಟ್ಟಿಗೆ ಅದು. ತಂದಂದಿನಿಂದ ಅದರ ಬ್ಯಾಟರಿ ಬದಲಿಸಬೇಕೆಂದು ನನಗೆ ತೋಚಿರಲಿಲ್ಲ. ಅದು ಎಂದೋ ಸತ್ತು, ಹಸಿರು ದೀಪ ಮಾತ್ರ ಉರಿಸಿಕೊಂಡು ಕುಳಿತಿತ್ತು ಎಂದು ತಿಳಿದದ್ದು ಆಮೇಲೆ.

ಇಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ಹೆಂಡತಿಯ ಮಾತನ್ನು ಪುರಾವೆಯಿಲ್ಲದೆ ಒಪ್ಪುವುದು ಹೇಗೆ? ಪಂಪು ನಿಲ್ಲಿಸಿದೆ. ಕಂಪ್ಯೂಟರು ಶುರುವಾಯಿತು. ಸಮೀರಾ ಮತ್ತೆ ಸೇರಿಕೊಂಡು, "ಸಾರಿ ಮೇಡಂ, ಇನ್ನು ತೊಂದರೆಯಾಗುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ನಾನು ಪಂಪು ಹಾಕಿ ನೋಡಿದೆ.

ಜಯಂತಿ ಹೇಳಿದ್ದು ಸರಿಯಿತ್ತು.

"ಎಂತ ಮಾಷ್ಟ್ರೆ ಇದು" ಎಂದರು ಹಮೀದ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇನ್ನೂ ಕಷ್ಟ. ಸಮೀರಾಳ ಕಣ್ಣು ತುಂಬಿತ್ತು. ಅವಳು ಸೆರಗಿನ ತುದಿಯಿಂದ ಕಣ್ಣೊರಸಿ, ತನ್ನ ಮೊಬೈಲು ತೆಗೆದು, ಅದರಲ್ಲೇ ಸೇರಿಕೊಂಡು, ಸರ್ ಪಂಪು ಹಾಕಿದಾಗೆಲ್ಲ ಕಂಪ್ಯೂಟರು ಆರುತ್ತದೆ ಎಂದು ಹೇಳಿ ಅವರ ಒಪ್ಪಿಗೆ ಪಡೆದು, ತಂದೆಯ ಕೈಗೆ ಕೊಟ್ಟಳು. "ಬಾಪ, ಅಲ್ಲಾಡದೆ ಹಿಡ್ಕೊಳ್ಳಿ." ಆಮೇಲೆ ನನ್ನ ಕಡೆ ತಿರುಗಿದಳು.

ಅವಳ ಪಾಠ ನೀರು ಆವಿಯಾಗುವ ಬಗ್ಗೆ. ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ಉಳಿದಿದ್ದವು. ಅವಳು ಜಯಂತಿಯಿಂದ ಎರಡು ಕರ್ಚೀಫು ಕೇಳಿ ಒದ್ದೆ ಮಾಡಿದಳು. ಒಂದನ್ನು ಬಾಗಿಲ ಹಿಡಿಕೆಗೆ ನೇತುಹಾಕಿದಳು. ಇನ್ನೊಂದನ್ನು ನನ್ನ ಎರಡು ಕೈಗೆ ಕೊಟ್ಟು, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿ, "ಸರ್, ನೀವು ಇದನ್ನು ಬಿಡಿಸಿ ಹಿಡ್ಕೊಂಡು ಇಲ್ಲೇ ನಿಲ್ಲಿ. ಎಲ್ಲಿಗೂ ಹೋಗುದು ಬೇಡ" ಎಂದಳು.

ನಿಂತೆ. ಗಾಳಿ ಬೀಸಿದ ಬಟ್ಟೆ ಯಾಕೆ ಬೇಗ ಒಣಗುತ್ತದೆ ಎಂದು ಅವಳು ಎಷ್ಟು ಚಂದ ವಿವರಿಸಿದಳೆಂದರೆ, ಕೈ ನೋಯುತ್ತಿದ್ದರೂ ನಾನು ಕೇಳುತ್ತಾ ನಿಂತೆ. ಮೇಡಂ ಬರೆದುಕೊಳ್ಳುವುದನ್ನು ಬಿಟ್ಟು ನೋಡುತ್ತಿದ್ದರು. ನನ್ನ ಕೈಯ ಬಟ್ಟೆ ಒಣಗಿತು, ಬಾಗಿಲಿನದು ಒದ್ದೆಯಾಗಿಯೇ ಇತ್ತು.

ಕೊನೆಗೆ ಆ ಮಹನೀಯರು ಕೇಳಿದರು, ತರಗತಿಯಲ್ಲಿ ಒಬ್ಬ ಹುಡುಗ ಸುಮ್ಮನೆ ಕೂರದೆ ಅತ್ತಿತ್ತ ಓಡಾಡಿ ಪಾಠ ಕೆಡಿಸುತ್ತಿದ್ದರೆ ಏನು ಮಾಡುತ್ತೀರಿ?

ಸಮೀರಾ ಸ್ವಲ್ಪ ಯೋಚಿಸಿದಳು. "ಬೈಯುವುದಿಲ್ಲ ಸರ್. ಅವನ ಕೈಗೆ ಒಂದು ಕೆಲಸ ಕೊಟ್ಟು ಒಂದೇ ಕಡೆ ನಿಲ್ಲಿಸುತ್ತೇನೆ."

ಮೊಬೈಲಿನೊಳಗೆ ಇಬ್ಬರೂ ನಗತೊಡಗಿದರು. ಹಮೀದರ ಕೈ ಅಲ್ಲಾಡಿತು. ನನ್ನ ವಿದ್ಯಾರ್ಥಿನಿಯ ಜಾಣತನಕ್ಕೆ ಸಂತೋಷವಾಗಿ ನಾನು ಕರ್ಚೀಫು ಹಿಡಿದುಕೊಂಡೇ, "ವೆರಿ ಗುಡ್" ಎಂದೆ. ಅವರು ಇನ್ನೂ ಜೋರಾಗಿ ನಕ್ಕರು.

ವಾರ ಕಳೆದು ಸಮೀರಾಳಿಗೆ ಕೆಲಸ ಸಿಕ್ಕಿತು. ಹಮೀದ್ ಹಲ್ವದ ಪೊಟ್ಟಣ ಹಿಡಿದುಕೊಂಡು ಬಂದು ಜಯಂತಿಯ ಕೈಗೆ ಕೊಟ್ಟರು. ಜಯಂತಿಯೇ ಪುತ್ತೂರಿಗೆ ಹೋಗಿ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದಳು. ಈಗ ಪಂಪು ಹಾಕಿದರೂ ಕಂಪ್ಯೂಟರು ಆರುವುದಿಲ್ಲ.

ಆ ದಿನ ಹಲ್ವ ತಿನ್ನುತ್ತಾ ನಾನು, "ಕೊನೆಯ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಭಾರೀ ಚಂದ ಇತ್ತು" ಎಂದೆ.

ಜಯಂತಿ ಹಲ್ವದ ಪೊಟ್ಟಣವನ್ನು ತನ್ನ ಕಡೆ ಎಳೆದುಕೊಂಡಳು.

"ನಿಮಗೆ ಇನ್ನೂ ಅರ್ಥ ಆಗಲಿಲ್ವಾ ಮಾರಾಯ್ರೆ? ಅವರು ಉತ್ತರಕ್ಕೆ ನಕ್ಕದ್ದಲ್ಲ. ಉದಾಹರಣೆ ಎದುರಿಗೇ ನಿಂತಿತ್ತಲ್ಲ, ಅದಕ್ಕೆ."