ಒಂಬತ್ತು ಪೆಂಟಿ ಮೈ

ನಾಚಿಕೆಗೇಡಿನ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಮನೆಯಲ್ಲಿ ಸಿಗದಿದ್ದರೆ ಹಾದಿಯಲ್ಲಿ ಹಿಡಿಯುತ್ತವೆ. ಗೋಕಾಕ, ಹುಕ್ಕೇರಿ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳಿಗೆ ಮೈಲಿಬೇನೆ ಬರದಂತೆ ದೇವಿ ಹಾಕುವ ಕೆಲಸ ನನ್ನದು. ಊರ ಮಂದಿ ಪ್ರೀತಿಯಿಂದ ಡಾಕ್ಟರ್ ಅನ್ನುತ್ತಿದ್ದರು. ಮೈ ಹೇಗೆ ಕಾಪಾಡಿಕೊಳ್ಳಬೇಕೆಂದು ಚಾವಡಿಯಲ್ಲಿ ಉಪದೇಶ ಮಾಡುತ್ತಿದ್ದ ನನ್ನನ್ನು ತಟ್ಟುಕುದುರೆಯ ಮೇಲೆ ಹತ್ತಿಸಲು ಇಬ್ಬರು ಬೇಕಾಗುತ್ತಿದ್ದರು.

ಒಂದು ಯುಗಾದಿ ಮುಗಿದ ವಾರ ಗೋಕಾಕದ ದವಾಖಾನೆಯ ಡಾಕ್ಟರ್ ಸಾಹೇಬರು ನನ್ನ ಎದೆ ಪರೀಕ್ಷಿಸಿ, "ಬರೂ ಯುಗಾದಿಗೆ ಮೈ ಇಳೀಲಿಲ್ಲಂದ್ರ ನಿಮ್ಮನ್ನ ಕೆಲಸಕ್ಕ ನಾಲಾಯಕ ಅಂತ ಬರೀತೀನಿ" ಎಂದರು. ಔಷಧ ಕೊಡಲಿಲ್ಲ. ದಿನಾ ನಡೆಯಬೇಕು, ಸಂಜೆಯ ಊಟ ಬೇಗ ಮುಗಿಸಬೇಕು, ಎರಡನೆಯ ಸಲ ಬಡಿಸಿಕೊಳ್ಳಬಾರದು. ಇದು ತಿಂಗಳೊಪ್ಪತ್ತಿನ ಮಾತಲ್ಲ, ಬದುಕಿರುವ ತನಕ ಎಂದರು. ಮನೆಯಲ್ಲಿ ಆರು ಮಂದಿ ಉಣ್ಣುವವರು, ಪಗಾರ ಒಂದೇ. ನನಗೆ ಖರೆಯೇ ಹೆದರಿಕೆಯಾಯಿತು.

ನಡಿಗೆ

ಮರುದಿನವೇ ತಟ್ಟನ್ನು ಮನೆಯಲ್ಲಿ ಕಟ್ಟಿ ದಡ್ಡಿ ಎಂಬ ಊರಿನ ಹಾದಿ ಹಿಡಿದೆ. ಫರ್ಲಾಂಗು ನಡೆದಿರಲಿಲ್ಲ, ಹಿಂದಿನಿಂದ ಒಂದು ಚಕ್ಕಡಿ ಬಂದು ನಿಂತಿತು. ಹೊಡೆಯುತ್ತಿದ್ದ ಹಿರಿಯರು ಹತ್ತಿರಿ ಎಂದರು, ನಾನು ಬೇಡ ಎಂದೆ. ಸರಕಾರದ ಮನುಷ್ಯನನ್ನು ನಡೆಯಲು ಬಿಟ್ಟು ತಾವು ಚಕ್ಕಡಿಯಲ್ಲಿ ಹೋದರೆ ಊರಲ್ಲಿ ಏನಂದಾರು ಎಂದು ಆ ಹಿರಿಯರು ಕೆಳಗಿಳಿದರು. ಅವರ ಮುದಿ ತಾಯಿಯೂ ಇಳಿದಳು. ಕೋಲೂರಿಕೊಂಡು ನನ್ನ ಜೊತೆ ನಡೆಯತೊಡಗಿದಳು. ಅದನ್ನು ನೋಡಲಾಗದೆ ನಾನೇ ಮೊದಲು ಹತ್ತಿ ಕುಳಿತೆ.

ಅವರು ತಮ್ಮ ಹೊಲದ ಹತ್ತಿರ ಇಳಿಸಿದರೆ ಇನ್ನೊಂದು ಚಕ್ಕಡಿ, ಆಮೇಲೆ ಮತ್ತೊಂದು. ಹೀಗೆ ದಡ್ಡಿ ಮುಟ್ಟಿದೆ. ಆ ದಿನ ನಡೆದದ್ದು ಎತ್ತುಗಳು ಮಾತ್ರ. ಅಲ್ಲಿಂದ ಮುಂದೆ ಚಕ್ಕಡಿ ಹೂಡುವ ಮೊದಲೇ ಎದ್ದು, ಕಳ್ಳನ ಹಾಗೆ ಹೊಲದ ಬದುವಿನ ಮೇಲೆ ನಡೆಯುವುದನ್ನು ರೂಢಿ ಮಾಡಿಕೊಂಡೆ.

ಸಂಜೆಯ ಊಟ

ಮೂಡಲಗಿಯಲ್ಲಿ ಒಬ್ಬ ಜೈನ ಸಾಹುಕಾರರಿದ್ದರು. ಅವರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ, ಆಮೇಲೆ ಒಲೆ ಹೊತ್ತಿಸುವುದಿಲ್ಲ. ನನಗೆ ಬೇಕಾದದ್ದೂ ಅದೇ. ನಿಮ್ಮ ನೇಮವೇ ನನ್ನ ನೇಮ ಎಂದು ಅವರ ಎದುರು ದೊಡ್ಡದಾಗಿ ಹೇಳಿ, ದಿನಾ ಅಲ್ಲಿ ಉಣ್ಣತೊಡಗಿದೆ. ಆದರೆ ನಾನು ಇಳಿದುಕೊಂಡದ್ದು ಗೌಡರ ಮನೆಯಲ್ಲಿ. ದೀಪ ಹಚ್ಚುತ್ತಲೇ ಗೌಡಶಾನಿಯವರು ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿ ಕರೆಯುತ್ತಿದ್ದರು. ಬೇರೆಯವರ ಮನೆಯಲ್ಲಿ ಉಂಡು ಬಂದೆ ಎನ್ನಲು ಬಾಯಿ ಬರಲಿಲ್ಲ. ಎಣ್ಣೆಗಾಯಿಯ ವಾಸನೆಗೆ ಮನಸ್ಸೂ ಬರಲಿಲ್ಲ.

ನಾಲ್ಕನೆಯ ಸಂಜೆ ಏನೋ ಕೆಲಸಕ್ಕೆ ಸಾಹುಕಾರರು ಗೌಡರ ಮನೆಗೆ ಬಂದರು. ನಾನು ಮೂರನೆಯ ರೊಟ್ಟಿಯಲ್ಲಿದ್ದೆ. ಅವರು ಮೆಲ್ಲಗೆ, "ನಮ್ಮ ಮನ್ಯಾಗ ಹೊಟ್ಟಿ ತುಂಬಲಿಲ್ಲೇನ್ರಿ ಡಾಕ್ಟರ್?" ಎಂದರು.

ಗೌಡಶಾನಿಯವರು ಬಡಿಸುವುದನ್ನು ನಿಲ್ಲಿಸಿ, "ಹಂಗಾರ ನಂದು ಎರಡನೇ ಊಟ ಏನ್ರಿ?" ಎಂದರು.

ಇಬ್ಬರ ಅನ್ನ ಉಂಡು ಇಬ್ಬರಿಗೂ ಮುಖ ತೋರಿಸಲಾಗದಂತಾದೆ. ಮರುದಿನದಿಂದ ಒಂದೇ ಊಟ.

ಹರಕೆ

ತೂಕದ ಮಾತನ್ನು ಇಲ್ಲಿಯ ತನಕ ಎತ್ತಲಿಲ್ಲ. ಈಗ ಹೇಳುವಾಗಲೂ ನಾಚಿಕೆಯಾಗುತ್ತದೆ. ಮೊದಲು ಒಮ್ಮೆ, ವರ್ಷದ ಕೊನೆಗೊಮ್ಮೆ ತೂಗಿಸಿ ಚೀಟಿ ತರಬೇಕೆಂದು ಡಾಕ್ಟರ್ ಸಾಹೇಬರು ಹೇಳಿದ್ದರು. ನನ್ನಂಥವನನ್ನು ತೂಗುವ ತಕ್ಕಡಿ ಇದ್ದದ್ದು ತುಕ್ಕಾನಟ್ಟಿಯ ಬೆಲ್ಲದ ಗಾಣದಲ್ಲಿ. ಹೋಗಿ ಕುಳಿತೆ. ತೂಕದ ಕಲ್ಲು ಸಾಲದೆ ಗಾಣದ ಯಜಮಾನರು ಇನ್ನೊಂದು ತಟ್ಟೆಗೆ ಬೆಲ್ಲದ ಪೆಂಟಿಗಳನ್ನೇ, ಆ ದೊಡ್ಡ ಅಚ್ಚುಗಳನ್ನೇ ಇಡುತ್ತ ಹೋದರು. ಒಂಬತ್ತನೆಯದಕ್ಕೆ ನಾನು ನೆಲ ಬಿಟ್ಟೆ.

ಬೆಲ್ಲಕ್ಕೆ ಮನುಷ್ಯನನ್ನು ತೂಗಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ದೇವರ ಹರಕೆ. ಒಬ್ಬ ಅಜ್ಜಿ ಬಂದು ನನ್ನ ಹಣೆಗೆ ವಿಭೂತಿ ಹಚ್ಚಿ, ಯಾವ ದೇವರಿಗೆ ಎಂದು ಕೇಳಿದಳು. ಮೈ ಬಂದು ನೌಕರಿ ಹೋಗುವ ಹಾಗಿದೆ ಎನ್ನಲಾಗಲಿಲ್ಲ. "ನಿಮ್ಮೂರ ಬಸವಣ್ಣಗ ಬೇ, ಬರೂ ಯುಗಾದಿಗೆ ನನ್ನ ತೂಕದ ಬೆಲ್ಲ ಮುಟ್ಟಸ್ತೀನಿ" ಎಂದೆ.

ವರ್ಷ ತುಂಬಿತು. ಗುಡಿಯ ಮುಂದೆ ತಕ್ಕಡಿ ಕಟ್ಟಿದರು, ಊರೇ ನೆರೆಯಿತು. ಈ ಸಲ ಏಳನೆಯ ಪೆಂಟಿಗೇ ಮೇಲೆದ್ದೆ. ನೌಕರಿ ಉಳಿಯಿತೆಂದು ನನಗೆ ಕುಣಿಯುವಷ್ಟು ಸಂತೋಷ. ನೋಡಿದರೆ ಯಾರೊಬ್ಬರ ಮುಖದಲ್ಲೂ ನಗೆಯಿಲ್ಲ. ಅದೇ ಅಜ್ಜಿ ಮುಂದೆ ಬಂದಳು. "ದೇವರಿಗೆ ಕೊಡೂದ್ರಾಗ ಎರಡ ಪೆಂಟಿ ಉಳಸಾಕಂತ ಒಂದ ವರ್ಷ ಅರೆಹೊಟ್ಟಿ ಉಂಡ್ಯೇನೋ ಯಪ್ಪಾ?"

ನಾನು ರೊಟ್ಟಿ ಬೇಡವೆಂದದ್ದನ್ನು, ಬದುವಿನ ಮೇಲೆ ಕದ್ದು ನಡೆದದ್ದನ್ನು ಕಂಡವರೆಲ್ಲ ಅಲ್ಲೇ ಇದ್ದರು, ಒಬ್ಬೊಬ್ಬರಾಗಿ ಸಾಕ್ಷಿ ಹೇಳಿದರು. ನಾನು ತಕ್ಕಡಿಯಿಂದ ಇಳಿಯುವುದನ್ನೂ ಮರೆತು ಕುಳಿತಿದ್ದೆ. ಕೊನೆಗೆ ಗಾಣದ ಯಜಮಾನರಿಗೆ ಕನಿಕರ ಬಂದು, ತಮ್ಮ ಕಡೆಯಿಂದ ಎರಡು ಪೆಂಟಿ ಇಟ್ಟು ದೇವರ ಲೆಕ್ಕ ತುಂಬಿಸಿದರು. ನಿಮ್ಮ ಮರ್ಯಾದೆ ನಮ್ಮ ಮರ್ಯಾದೆ ಎಂದು ಹೇಳಿ, ಚೀಟಿ ಬರೆದು ಮಡಿಸಿ ಕೈಯಲ್ಲಿಟ್ಟರು. ಓದುವ ಧೈರ್ಯವೂ ನನಗಿರಲಿಲ್ಲ. ಗೋಕಾಕದ ತನಕ ನಡೆದೇ ಹೋದೆ.

ಡಾಕ್ಟರ್ ಸಾಹೇಬರು ಎದೆ ಪರೀಕ್ಷಿಸಿ, ನನ್ನ ಮೈಮೇಲೆ ಜೋಲುತ್ತಿದ್ದ ಕೋಟು ನೋಡಿ, ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಬರೆದರು. ಆಮೇಲೆ ಚೀಟಿ ಬಿಚ್ಚಿ ಗಟ್ಟಿಯಾಗಿ ಓದಿದರು: "ಡಾಕ್ಟರರ ತೂಕ ಹೋದ ವರ್ಷದಂತೆಯೇ ಒಂಬತ್ತು ಪೆಂಟಿ. ಒಂದು ಗುಂಜಿಯೂ ಕಡಿಮೆಯಾಗಿಲ್ಲ. ಇದಕ್ಕೆ ಊರ ಮಂದಿ ಸಾಕ್ಷಿ."

ಓದಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚೀಟಿ ಸುಳ್ಳೋ, ನೀವು ಸುಳ್ಳೋ?" ಎಂದು ಕೇಳಿದರು.

ನಾನು ತಲೆ ತಗ್ಗಿಸಿ, "ಇಬ್ರೂ ಸುಳ್ರಿ" ಎಂದೆ.